ನಲವತ್ತೆರಡರ ಹೊಸಬ



ಬಂಧುಗಳೇ, ಮುಪ್ಪಿನ ವಿಷಯ ಬಂದಾಗಲೆಲ್ಲ ನಮ್ಮ ಗುಂಪಿನಲ್ಲಿ ಒಂದು ಮಾತು ಬಹಳ ಬೇಗ ಬಂದುಬಿಡುತ್ತದೆ. ಎಲ್ಲವೂ ಅನಿತ್ಯ, ದೇಹವೂ ಅನಿತ್ಯ, ಆದ್ದರಿಂದ ಹಿಡಿದದ್ದನ್ನು ಕಾಲಕ್ಕೆ ಸರಿಯಾಗಿ ಬಿಡಬೇಕು ಎಂದು. ಮಾತು ಸರಿಯೇ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳದೆ ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ. ಇವತ್ತು ಆ ಪ್ರಶ್ನೆಯನ್ನು ಇಬ್ಬರು ಆಟಗಾರರ ತೋಳಿನ ಮೂಲಕ ನೋಡೋಣ. ಇಬ್ಬರೂ ಅಮೆರಿಕದ ಬೇಸ್‌ಬಾಲ್ ಆಟಗಾರರು, ಇಬ್ಬರೂ ಮಹಾನ್ ಪಿಚರ್‌ಗಳು. ಒಬ್ಬರು 30ನೇ ವಯಸ್ಸಿಗೆ ಆಟ ಬಿಟ್ಟರು. ಇನ್ನೊಬ್ಬರಿಗೆ ದೊಡ್ಡ ಲೀಗಿನ ಬಾಗಿಲು ತೆರೆದದ್ದೇ 42ಕ್ಕೆ.

ನಮ್ಮಲ್ಲಿ ಬೇಸ್‌ಬಾಲ್ ನೋಡುವವರು ಕಡಿಮೆ, ಹಾಗಾಗಿ ಎರಡು ಮಾತು. ಕ್ರಿಕೆಟ್‌ನಲ್ಲಿ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್. ಬೌಲರ್ ಓಡಿ ಬಂದು, ತೋಳು ನೇರ ಇಟ್ಟು ಚೆಂಡು ಹಾಕುತ್ತಾನೆ. ಪಿಚರ್ ಓಡುವ ಹಾಗಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲ ದೂರಕ್ಕೆ, ಮಾವಿನಕಾಯಿಗೆ ಕಲ್ಲು ಬೀಸುವ ಹುಡುಗನಂತೆ ಮೊಣಕೈ ಮಡಿಸಿ ಬೀಸುತ್ತಾನೆ. ಒಂದು ಪೂರ್ತಿ ಪಂದ್ಯ ಎಸೆದರೆ ನೂರಕ್ಕೂ ಹೆಚ್ಚು ಎಸೆತ. ಭುಜ ಹಿಂದಕ್ಕೆ ತಿರುಗಿ ಮುಂದಕ್ಕೆ ಚಿಮ್ಮುವಾಗ ಮೊಣಕೈಯ ಒಳಬದಿಯಲ್ಲಿರುವ ಒಂದು ಸಣ್ಣ ಕಟ್ಟುನಾರು ಆ ಸೆಳೆತವನ್ನು ತಡೆದುಕೊಳ್ಳಬೇಕು. ಮನುಷ್ಯನ ಮೊಣಕೈ ಇಂಥ ಕೆಲಸಕ್ಕೆ ಬೆಳೆದು ಬಂದದ್ದಲ್ಲ. ಪಿಚರ್‌ನ ತೋಳು ಒಂದಲ್ಲ ಒಂದು ದಿನ ಕೈಕೊಡುತ್ತದೆ, ಯಾವಾಗ ಎಂಬುದಷ್ಟೇ ಪ್ರಶ್ನೆ.

ಮೊದಲು ಸ್ಯಾಂಡಿ ಕೂಫ್ಯಾಕ್ಸ್ ಅವರ ವಿಷಯ. ಹುಟ್ಟಿದ್ದು 1935ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಎಡಗೈ ಪಿಚರ್. 1955ರಲ್ಲಿ ಡಾಡ್ಜರ್ಸ್ ತಂಡದಲ್ಲಿ ಆಡಲು ಶುರುಮಾಡಿದರು. ಅಲ್ಲಿ ಪಂದ್ಯದ ಗೆಲುವು ಸೋಲನ್ನು ಪಿಚರ್‌ನ ಲೆಕ್ಕಕ್ಕೂ ಬರೆಯುತ್ತಾರೆ. ಮೊದಲ ಆರು ವರ್ಷಗಳಲ್ಲಿ ಇವರದು 36 ಗೆಲುವು, 40 ಸೋಲು. ವೇಗ ಬೇಕಾದಷ್ಟಿತ್ತು, ಹಿಡಿತ ಇರಲಿಲ್ಲ. 1961ರಿಂದ ಹಿಡಿತ ಸಿಕ್ಕಿತು. 1962ರಿಂದ 1966ರವರೆಗೆ ಐದು ವರ್ಷ ಸತತವಾಗಿ, ತಮ್ಮ ಲೀಗಿನಲ್ಲಿ ಸರಾಸರಿ ಅತಿ ಕಡಿಮೆ ರನ್ ಬಿಟ್ಟುಕೊಟ್ಟ ಪಿಚರ್ ಅವರೇ.

ಆ ಐದು ವರ್ಷದ ನಡುವೆಯೇ ತೋಳು ಸೋಲತೊಡಗಿತ್ತು. 1964ರ ಆಗಸ್ಟ್‌ನಲ್ಲಿ ಓಟದ ನಡುವೆ ಬೇಸ್‌ಗೆ ಹಿಂದಿರುಗಲು ನೆಲಕ್ಕೆ ಹಾರಿ ಬಿದ್ದಾಗ ಎಡ ಮೊಣಕೈಗೆ ಪೆಟ್ಟಾಯಿತು. ಪರೀಕ್ಷೆ ಮಾಡಿದರೆ ಒಳಗೆ ಸಂಧಿವಾತ ಬೇರೂರಿತ್ತು. 1965ರ ವಸಂತದಲ್ಲಿ ಒಂದು ಬೆಳಗ್ಗೆ ಏಳುವಾಗ ತೋಳಿನೊಳಗೆ ರಕ್ತ ಸೋರಿ ಕಪ್ಪುಗಟ್ಟಿತ್ತು. ತಂಡದ ವೈದ್ಯ ರಾಬರ್ಟ್ ಕೆರ್ಲನ್ ಮುಚ್ಚುಮರೆಯಿಲ್ಲದೆ ಹೇಳಿದರು, ಹೀಗೇ ಹೋದರೆ ಈ ತೋಳಿನ ಉಪಯೋಗವೇ ತಪ್ಪಿಹೋಗಬಹುದು ಎಂದು. ಆದರೂ ಆ ವರ್ಷ ಅವರು ಎಸೆದದ್ದು ಸುಮಾರು 336 ಇನ್ನಿಂಗ್ಸ್, ಪಡೆದ ಸ್ಟ್ರೈಕ್‌ಔಟ್ 382. ಸ್ಟ್ರೈಕ್‌ಔಟ್ ಎಂದರೆ ಬ್ಯಾಟರ್ ಮೂರು ಸ್ಟ್ರೈಕ್ ಆಗಿ ಔಟಾಗುವುದು. ಪಂದ್ಯಕ್ಕೆ ಮುಂಚೆ ಮೆಣಸಿನಕಾಯಿಯ ಖಾರದ ಮುಲಾಮು ಹಚ್ಚಿ ತೋಳನ್ನು ಕಾಯಿಸುವುದು, ಪಂದ್ಯ ಮುಗಿದ ಮೇಲೆ ಮೊಣಕೈಯನ್ನು ಐಸ್ ನೀರಿನಲ್ಲಿ ಅದ್ದಿ ಕೂರುವುದು. ನಡುನಡುವೆ ಕಾರ್ಟಿಸೋನ್ ಇಂಜೆಕ್ಷನ್. ಜೊತೆಗೆ ಕುದುರೆಗಳಿಗೂ ಕೊಡುವ ಒಂದು ನೋವಿನ ಮಾತ್ರೆ. ತೋಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ.

1966ರಲ್ಲಿ 27 ಗೆಲುವು, 9 ಸೋಲು. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್ 1.73. ಅವರ ಬದುಕಿನಲ್ಲೇ ಅತ್ಯುತ್ತಮ ವರ್ಷ ಅದು. ಅದೇ ನವೆಂಬರ್ 18ರಂದು ಪತ್ರಕರ್ತರನ್ನು ಕರೆದು, ಇನ್ನು ಆಡುವುದಿಲ್ಲ ಎಂದರು. ಇನ್ನೂ 31 ತುಂಬಿರಲಿಲ್ಲ. ಆಟ ಮುಗಿದ ಮೇಲೆ ಬದುಕಲು ಬಹಳ ವರ್ಷ ಇವೆ, ಆ ವರ್ಷಗಳನ್ನು ಪೂರ್ತಿ ದೇಹದೊಂದಿಗೆ ಬದುಕಬೇಕು ಎಂಬುದು ಅವರು ಕೊಟ್ಟ ಕಾರಣದ ಸಾರ. ಆ ವರ್ಷ ಅವರ ಸಂಬಳ 1,25,000 ಡಾಲರ್, ಆ ಕಾಲಕ್ಕೆ ಬೇಸ್‌ಬಾಲ್‌ನಲ್ಲಿ ಅತಿ ದೊಡ್ಡ ಮೊತ್ತಗಳಲ್ಲಿ ಒಂದು. ಅದನ್ನು ಬಿಟ್ಟು ಎದ್ದರು. ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ತೋಳಿನೊಂದಿಗೆ ಬದುಕಿದ್ದಾರೆ.

ಇದನ್ನು ಓದಿದಾಗ ನನಗೆ ನಿಜವಾಗಿ ಗೌರವ ಬಂತು. ಜನ ಚಪ್ಪಾಳೆ ತಟ್ಟುತ್ತಿರುವಾಗ ಎದ್ದು ಹೋಗುವುದು ಸುಲಭವಲ್ಲ. ದೇಹ ಎಚ್ಚರಿಕೆ ಕೊಟ್ಟಿತು, ಅವರು ಕೇಳಿಸಿಕೊಂಡರು. ಬಿಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವರು ಬಿಟ್ಟದ್ದು ತಮ್ಮ ಕೈಯಲ್ಲಿ ಇದ್ದದ್ದನ್ನು. 19ನೇ ವಯಸ್ಸಿಗೆ ದೊಡ್ಡ ಲೀಗಿಗೆ ಬಂದಿದ್ದರು. ಆರು ವರ್ಷ ಸಾಧಾರಣವಾಗಿ ಆಡಿದರೂ ತಂಡ ಕಾದಿತ್ತು. ತೋಳು ನೋಡಿಕೊಳ್ಳಲು ವೈದ್ಯರಿದ್ದರು. ಕೂಫ್ಯಾಕ್ಸ್ ಯಹೂದಿ, ಅವರ ಜನಕ್ಕೂ ಅವಮಾನ ಗೊತ್ತಿಲ್ಲದ್ದೇನಲ್ಲ. ಆದರೂ ಆಟದ ಬಾಗಿಲು ಅವರಿಗೆ ಮುಚ್ಚಿರಲಿಲ್ಲ.

ಇಲ್ಲಿ ಒಂದು ಚಿಕ್ಕ ಅಡ್ಡಮಾತು, ನಮ್ಮ ಮಕ್ಕಳಿಗೆ ಹೇಳಬೇಕಾದದ್ದು. ಕೂಫ್ಯಾಕ್ಸ್ ನಿವೃತ್ತರಾಗಿ ಎಂಟು ವರ್ಷವಾಗಿತ್ತು. 1974ರಲ್ಲಿ ಅದೇ ಡಾಡ್ಜರ್ಸ್ ತಂಡದ ಟಾಮಿ ಜಾನ್ ಎಂಬ ಪಿಚರ್‌ಗೆ ಮೊಣಕೈಯ ಆ ಕಟ್ಟುನಾರು ಹರಿಯಿತು. ಡಾಕ್ಟರ್ ಫ್ರ್ಯಾಂಕ್ ಜೋಬ್ ಅವರು ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. ಆವರೆಗೆ ಹಾಗೆ ಯಾರೂ ಮಾಡಿರಲಿಲ್ಲ. ಟಾಮಿ ಜಾನ್ 1976ರಲ್ಲಿ ಮತ್ತೆ ಮೈದಾನಕ್ಕೆ ಬಂದು, 1989ರವರೆಗೆ ಆಡಿ, ಶಸ್ತ್ರಚಿಕಿತ್ಸೆಯ ಮೇಲೆಯೇ 164 ಪಂದ್ಯ ಗೆದ್ದರು. ಕೂಫ್ಯಾಕ್ಸ್ ಅವರ ಸಂಧಿವಾತಕ್ಕೂ ಇದೇ ಮದ್ದಾಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಅದು ಬೇರೆ ಕಾಯಿಲೆ. ಆದರೆ 1973ರವರೆಗೆ ನಾರು ಹರಿದ ಎಲ್ಲ ಪಿಚರ್‌ಗಳಿಗೂ ಹೇಳುತ್ತಿದ್ದದ್ದು ಒಂದೇ ಮಾತು: ಮುಗಿಯಿತು, ಮನೆಗೆ ಹೋಗು. ಹಣೆಬರಹ ಎಂದು ಯಾರಾದರೂ ಅಂದಾಗ ನಾನು ತರಗತಿಯಲ್ಲಿ ಈ ಕಥೆ ಹೇಳುತ್ತೇನೆ.

ಈಗ ಇನ್ನೊಬ್ಬರು. ಲೆರಾಯ್ ರಾಬರ್ಟ್ ಪೇಜ್. ಲೋಕಕ್ಕೆ ಸ್ಯಾಚೆಲ್ ಪೇಜ್. ಸ್ಯಾಚೆಲ್ ಎಂದರೆ ಹೆಗಲಚೀಲ. ಅಲಬಾಮಾ ರಾಜ್ಯದ ಮೊಬೈಲ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಮಗುವಾಗಿದ್ದಾಗ ಪ್ರಯಾಣಿಕರ ಚೀಲ ಹೊತ್ತು ಬಿಡಿಗಾಸು ದುಡಿಯುತ್ತಿದ್ದರು. ಒಂದು ಕೋಲಿಗೆ ಹಗ್ಗ ಕಟ್ಟಿ ಒಟ್ಟಿಗೆ ಹಲವು ಚೀಲ ನೇತುಹಾಕಿ ಹೊರುತ್ತಿದ್ದದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ. ಕೂಲಿಯ ಹೆಸರೇ ಹುಟ್ಟಿದ ಹೆಸರನ್ನು ನುಂಗಿತು. ಇದು ನಮಗೆ ಹೊಸದಲ್ಲ. 12ನೇ ವಯಸ್ಸಿಗೆ ಸಣ್ಣಪುಟ್ಟ ಕಳ್ಳತನಕ್ಕಾಗಿ ಕಪ್ಪು ಹುಡುಗರ ಸುಧಾರಣಾ ಶಾಲೆಗೆ ಹಾಕಿದರು. ಚೆಂಡು ಎಸೆಯುವ ವಿದ್ಯೆ ಹದವಾಗಿ ಕಲಿತದ್ದು ಅಲ್ಲೇ.

ಅವರ ವಯಸ್ಸು ದೊಡ್ಡ ಒಗಟು. ಹುಟ್ಟಿದ ತಾರೀಖು ಬರೆದಿದ್ದ ಮನೆಯ ಬೈಬಲನ್ನು ಮೇಕೆ ತಿಂದುಹಾಕಿತು ಎಂದು ಅವರೇ ಕಥೆ ಕಟ್ಟಿ ನಗಿಸುತ್ತಿದ್ದರು. ಪತ್ರಿಕೆಗಳು ಅದನ್ನೇ ಹಿಗ್ಗಿಸಿ ಬರೆದವು. ಮೊಬೈಲ್‌ನ ದಾಖಲೆಯಲ್ಲಿರುವುದು 7 ಜುಲೈ 1906. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ನಮ್ಮ ಕೇರಿಯ ಅರ್ಧಕ್ಕರ್ಧ ಹಿರಿಯರು ಜೂನ್ 1ರಂದೇ ಹುಟ್ಟಿದ್ದಾರೆ. ಹುಟ್ಟಿದ ದಿನ ಬರೆದಿಡುವವರು ಯಾರೂ ಇರಲಿಲ್ಲ. ಶಾಲೆ ಶುರುವಾಗುವ ದಿನವನ್ನೇ ಮೇಷ್ಟ್ರು ಬರೆದುಕೊಂಡರು. ವಯಸ್ಸು ಗೊತ್ತಿಲ್ಲದ್ದನ್ನು ತಮಾಷೆ ಎಂದು ನೋಡುವವರಿಗೆ ಅದರ ಹಿಂದೆ ಏನಿದೆ ಎಂದು ಗೊತ್ತಿರುವುದಿಲ್ಲ.

ಪೇಜ್ ಆಡಲು ಶುರುಮಾಡಿದ್ದು 1926ರಲ್ಲಿ, 20ರ ಹುಡುಗನಾಗಿ, ನೀಗ್ರೋ ಲೀಗ್‌ಗಳಲ್ಲಿ. ಮೇಜರ್ ಲೀಗ್‌ನಲ್ಲಿ ಕರಿಯರು ಆಡಬಾರದೆಂದು ಲಿಖಿತ ನಿಯಮ ಏನೂ ಇರಲಿಲ್ಲ. ಒಡೆಯರ ನಡುವೆ ಒಂದು ಒಳ ಒಪ್ಪಂದವಿತ್ತು, 19ನೇ ಶತಮಾನದ ಕೊನೆಯಿಂದ. ಊರ ಬಾವಿಯ ಮೇಲೂ ಬೋರ್ಡು ಇರುವುದಿಲ್ಲ, ನಿಮಗೆ ಗೊತ್ತಲ್ಲ.

ಹೊರಗಿಟ್ಟವರು ತಮ್ಮದೇ ಲೀಗ್ ಕಟ್ಟಿಕೊಂಡರು. ಅಲ್ಲಿಯ ಆಟ ಕಡಿಮೆಯದಾಗಿರಲಿಲ್ಲ, ಕಡಿಮೆ ಇದ್ದದ್ದು ಹಣ. ಬೇಸಿಗೆಯಲ್ಲಿ ಲೀಗ್, ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ, ಕ್ಯೂಬಾ, ಪೋರ್ಟೊ ರಿಕೊ, ಮೆಕ್ಸಿಕೊ. ನಡುವೆ ಊರೂರು ತಿರುಗಿ ಪ್ರದರ್ಶನ ಪಂದ್ಯ. ಹೋಟೆಲಿನಲ್ಲಿ ಇವರಿಗೆ ಜಾಗವಿಲ್ಲ, ಎಷ್ಟೋ ರಾತ್ರಿ ಬಸ್ಸಿನಲ್ಲೇ ನಿದ್ದೆ. ಮೇಜರ್ ಲೀಗ್ ಪಿಚರ್ ಒಂದು ಪಂದ್ಯ ಎಸೆದರೆ ನಾಲ್ಕು ದಿನ ತೋಳಿಗೆ ಬಿಡುವು ಕೊಡುತ್ತಾನೆ. ಪೇಜ್ ಹೆಸರು ಬೋರ್ಡಿನ ಮೇಲಿದ್ದರೆ ಜನ ಬರುತ್ತಾರೆ, ಜನ ಬಂದರೆ ಹಣ, ಆದ್ದರಿಂದ ದಿನ ಬಿಟ್ಟು ದಿನ, ಕೆಲವೊಮ್ಮೆ ದಿನದಿನವೂ ಎಸೆಯಬೇಕು.

1938ರಲ್ಲಿ ಮೆಕ್ಸಿಕೊದಲ್ಲಿದ್ದಾಗ ತೋಳು ಕೈಕೊಟ್ಟಿತು. ಮೇಲೆತ್ತಲೂ ಆಗದಷ್ಟು ನೋವು. ನೋಡಿದ ವೈದ್ಯರು, ನೀನು ಇನ್ನು ಎಸೆಯಲಾರೆ ಎಂದರು. ವಯಸ್ಸು 32. ಕರೆಯುವ ತಂಡಗಳಿಲ್ಲದಾಯಿತು. ಕೊನೆಗೆ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಮಾಲೀಕ ಜೆ. ಎಲ್. ವಿಲ್ಕಿನ್‌ಸನ್ ತಮ್ಮ ಎರಡನೇ ದರ್ಜೆಯ ತಂಡಕ್ಕೆ ಸೇರಿಸಿಕೊಂಡರು. ಆತ ಬಿಳಿಯ, ಆದರೆ ಹೇಳಬೇಕಾದದ್ದನ್ನು ಹೇಳಲೇಬೇಕು, ಮನುಷ್ಯ. ಸಣ್ಣ ಊರುಗಳಲ್ಲಿ ಆಡುವ ತಂಡ ಅದು. ಪೇಜ್ ಬೇರೆ ಜಾಗದಲ್ಲಿ ನಿಂತು ಆಡುತ್ತ, ಒಂದಿಷ್ಟು ಹಗುರವಾಗಿ ಎಸೆಯುತ್ತ ಕಾಲ ಹಾಕಿದರು. ತಂಡದ ತರಬೇತುದಾರ ದಿನವೂ ತೋಳು ನೀವುತ್ತಿದ್ದ. ತಿಂಗಳುಗಳ ಮೇಲೆ ತೋಳಿಗೆ ಮತ್ತೆ ಜೀವ ಬಂತು.

ಈಗ ನೀವೇ ಹೇಳಿ, ಆ ನೋವು ಕೊಟ್ಟದ್ದು ಯಾರು? ಮೊಣಕೈ ಭುಜಗಳ ರಚನೆ ಎಂದರೆ ಸುಳ್ಳಲ್ಲ. ವಯಸ್ಸು ಎಂದರೂ ಸುಳ್ಳಲ್ಲ. ಆದರೆ ಹನ್ನೆರಡು ವರ್ಷ ಬೇಸಿಗೆ ಚಳಿಗಾಲ ಎನ್ನದೆ ಎಸೆಯುವಂತೆ ಮಾಡಿದ್ದು ಮೂಳೆಯಲ್ಲ. ನಮ್ಮಲ್ಲಿ ಜಲ್ಲಿ ಒಡೆದ ಅಜ್ಜಂದಿರ ರಟ್ಟೆ, ಒಳಚರಂಡಿಗೆ ಇಳಿದವರ ಪುಪ್ಪುಸ 45ಕ್ಕೇ ಮುದಿಯಾದರೆ ಡಾಕ್ಟರ್ ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಯುತ್ತಾರೆ. ಆ ಚೀಟಿಯಲ್ಲಿ ಜಾತಿಗೆ ಕಾಲಂ ಇಲ್ಲ.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದ ಪೀಠಿಕೆಯಲ್ಲೇ ಎತ್ತಿದ ಪ್ರಶ್ನೆ ಇಲ್ಲಿ ನೆನಪಾಗುತ್ತದೆ. ಸಿದ್ಧಾರ್ಥ ಮುದುಕನನ್ನು, ರೋಗಿಯನ್ನು, ಹೆಣವನ್ನು ಮೊದಲ ಬಾರಿ ಕಂಡು ಮನೆ ಬಿಟ್ಟ ಎಂಬ ಹಳೆಯ ಕಥೆಯನ್ನು ಅವರು ಒಪ್ಪಲಿಲ್ಲ. 29 ವರ್ಷದ ಮನುಷ್ಯ ಅಲ್ಲಿಯವರೆಗೆ ಮುಪ್ಪನ್ನೇ ನೋಡಿರಲಿಲ್ಲ ಎಂದರೆ ಬುದ್ಧಿಗೆ ನಿಲುಕುವ ಮಾತಲ್ಲ ಎಂಬುದು ಅವರ ವಾದ. ಅದರ ಬದಲು ಶಾಕ್ಯರು ಮತ್ತು ಕೋಲಿಯರ ನಡುವೆ ರೋಹಿಣಿ ನದಿಯ ನೀರಿಗಾಗಿ ನಡೆದ ಜಗಳವನ್ನು ಮುಂದಿಟ್ಟರು. ಇದನ್ನು ಬರೀ ಇತಿಹಾಸದ ತಿದ್ದುಪಡಿ ಎಂದು ಓದಿದರೆ ಅರ್ಧ ಓದಿದ ಹಾಗೆ. ಮುಪ್ಪು ರೋಗ ಸಾವು ಎಲ್ಲರಿಗೂ ಇದೆ, ಅದರ ಜೊತೆಗೆ ಮನುಷ್ಯ ಮನುಷ್ಯನಿಗೆ ಕೊಡುವ ದುಃಖ ಬೇರೆಯೇ ಇದೆ, ಧಮ್ಮದ ಕೆಲಸ ಇರುವುದು ಅಲ್ಲಿ ಎಂದು ನಾನು ಅದನ್ನು ಓದಿಕೊಂಡಿದ್ದೇನೆ. ಪೇಜ್ ಅವರ ತೋಳಿನಲ್ಲಿ ಈ ಎರಡೂ ದುಃಖ ಬೆರೆತಿವೆ. ಯಾವುದು ಎಲ್ಲಿ ಮುಗಿಯುತ್ತದೆ, ಯಾವುದು ಎಲ್ಲಿ ಶುರುವಾಗುತ್ತದೆ ಎಂದು ಬೇರ್ಪಡಿಸಿ ತೋರಿಸಲಾಗುವುದಿಲ್ಲ. ತಪ್ಪು ಮಾಡಿದವರಿಗೆ ಅನುಕೂಲ ಆಗುವುದೂ ಇದರಿಂದಲೇ. ಎಲ್ಲವನ್ನೂ ಕಾಲದ ತಲೆಗೆ ಕಟ್ಟಿಬಿಡಬಹುದು.

ಗುಣವಾದ ತೋಳು ಮೊದಲಿನ ತೋಳಾಗಿರಲಿಲ್ಲ. ಮೊದಲು ಪೇಜ್ ಹೆಚ್ಚಾಗಿ ನಂಬಿದ್ದು ಶುದ್ಧ ವೇಗವನ್ನು. ಈಗ ನಿಧಾನದ ಎಸೆತ, ತಿರುವು, ಎಸೆಯುವ ನಡುವೆ ಅರೆಕ್ಷಣ ತಡೆದು ಬ್ಯಾಟರ್‌ನ ಲೆಕ್ಕ ತಪ್ಪಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಇಟ್ಟ ಜಾಗಕ್ಕೆ ಚೆಂಡು ಬೀಳಿಸುವ ಹಿಡಿತ. ದಿಬ್ಬದ ಕಡೆ ನಡೆಯುವಾಗ ಆತುರವೇ ಇಲ್ಲ, ಒಂದೊಂದೇ ಹೆಜ್ಜೆ. ಮುಪ್ಪನ್ನು ದೂರ ಇಡುವ ಸೂತ್ರಗಳೆಂದು ಅವರ ಹೆಸರಿನಲ್ಲಿ ಒಂದು ಪಟ್ಟಿ ಬಹಳ ಪ್ರಸಿದ್ಧ. ನನಗೆ ಆ ಪಟ್ಟಿಗಿಂತ ಆ ನಡಿಗೆ ಹೆಚ್ಚು ಕಲಿಸುತ್ತದೆ. ಖರ್ಚು ಮಾಡಬೇಕಾದ ಬಲ ಎಲ್ಲಿ, ಉಳಿಸಬೇಕಾದದ್ದು ಎಲ್ಲಿ ಎಂದು ತಿಳಿದ ದೇಹದ ನಡಿಗೆ ಅದು.

1945ರಲ್ಲಿ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಬಣ್ಣದ ಗೋಡೆ ಒಡೆಯಲು ಒಬ್ಬ ಆಟಗಾರನನ್ನು ಆರಿಸಿದರು. ಜಾಕಿ ರಾಬಿನ್‌ಸನ್, 26 ವರ್ಷ, ಕಾಲೇಜು ಓದಿದವರು. ರಾಬಿನ್‌ಸನ್ ಸಹಿಸಿದ್ದು ಚಿಕ್ಕದಲ್ಲ, ಆ ಆಯ್ಕೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇಪ್ಪತ್ತು ವರ್ಷ ಆ ಲೀಗ್‌ಗಳನ್ನು ತನ್ನ ತೋಳಿನ ಮೇಲೆ ಹೊತ್ತು ನಡೆದ, ದೇಶಕ್ಕೆಲ್ಲ ಹೆಸರು ಗೊತ್ತಿದ್ದ ಪೇಜ್‌ಗೆ ಆಗ 39. ತಾನೇ ಮೊದಲಿಗನಾಗುತ್ತೇನೆ ಎಂದುಕೊಂಡಿದ್ದವರಿಗೆ ಅದು ಚುಚ್ಚಿತು. ಬಾಗಿಲು ತೆರೆದಾಗ, ಬಾಗಿಲು ತಟ್ಟಿ ತಟ್ಟಿ ಕೈ ಸವೆದವರಿಗೆ ವಯಸ್ಸಾಗಿರುತ್ತದೆ. ನಮ್ಮ ಚಳವಳಿಯ ಹಿರಿಯರ ಮುಖಗಳು ನಿಮಗೂ ಕಣ್ಣ ಮುಂದೆ ಬಂದಿರಬಹುದು.

ಪೇಜ್ ಆದರೂ ಬದುಕಿದ್ದರು. ಅವರ ಜೊತೆಯವರಾದ ಜಾಶ್ ಗಿಬ್‌ಸನ್ ಮಹಾನ್ ಬ್ಯಾಟರ್, ಕ್ಯಾಚರ್. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿದು ಮೊಣಕಾಲು ಸವೆದಿದ್ದವು. 1943ರಲ್ಲಿ ಮೆದುಳಿನಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. 1947ರ ಜನವರಿ 20ರಂದು ತೀರಿಕೊಂಡಾಗ 35 ವರ್ಷ. ರಾಬಿನ್‌ಸನ್ ಮೇಜರ್ ಲೀಗ್ ಮೈದಾನಕ್ಕೆ ಇಳಿದದ್ದು ಅದೇ ಏಪ್ರಿಲ್ 15ರಂದು. ನಡುವೆ ಮೂರು ತಿಂಗಳು ಕೂಡ ಇಲ್ಲ. 2024ರಲ್ಲಿ ನೀಗ್ರೋ ಲೀಗ್‌ಗಳ ಅಂಕಿಗಳನ್ನು ಮೇಜರ್ ಲೀಗ್ ದಾಖಲೆಗೆ ಸೇರಿಸಿದಾಗ, ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂದ ಹೆಸರು ಗಿಬ್‌ಸನ್ ಅವರದು, .372.

1948ರ ಜುಲೈ 7, ತಮ್ಮ 42ನೇ ಹುಟ್ಟುಹಬ್ಬದ ದಿನ, ಪೇಜ್ ಕ್ಲೀವ್‌ಲ್ಯಾಂಡ್ ತಂಡದ ಕರಾರಿಗೆ ಸಹಿ ಹಾಕಿದರು. ಎರಡು ದಿನದ ಮೇಲೆ ಆಡಿದರು. ಮೇಜರ್ ಲೀಗ್ ಇತಿಹಾಸದಲ್ಲೇ ಅತಿ ಹಿರಿಯ ಹೊಸಬ. ಬೇಸ್‌ಬಾಲ್‌ನ ದೊಡ್ಡ ಪತ್ರಿಕೆಯ ಸಂಪಾದಕರೊಬ್ಬರು, ಈತ ಬಿಳಿಯನಾಗಿದ್ದರೆ ಈ ವಯಸ್ಸಿನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದರು. ಈ ಮಾತು ಕೇಳಿದ ಹಾಗಿದೆಯಲ್ಲ? ಈತ ಬಿಳಿಯನಾಗಿದ್ದರೆ 20ಕ್ಕೇ ಒಳಗಿರುತ್ತಿದ್ದ ಎಂಬುದು ಸಂಪಾದಕರಿಗೆ ಹೊಳೆಯಲಿಲ್ಲ. ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಪರಿಶಿಷ್ಟರಿಗೆ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಇದೆ. ನಮ್ಮ ರಾಜ್ಯದಲ್ಲೂ ಸಡಿಲಿಕೆ ಉಂಟು, ನಾನು ಕೆಲಸಕ್ಕೆ ಸೇರಿದ್ದೇ ಅದರ ಅಂಚಿನಲ್ಲಿ. ಸ್ಟಾಫ್ ರೂಮಿನಲ್ಲಿ ಒಬ್ಬರು ನಗುತ್ತ, ನಿಮಗೇನ್ರೀ, ಮುದುಕರಾದ ಮೇಲೂ ಹುಡುಗರು ಎಂದಿದ್ದರು. ಆ 5 ವರ್ಷ ಯಾರೋ ಕೊಟ್ಟ ಉಡುಗೊರೆ ಎಂದು ಅವರು ತಿಳಿದಿದ್ದರು. ಅಪ್ಪನ ಜೊತೆ ಕೂಲಿಗೆ ಹೋಗಿ ಓದು ನಿಂತ ವರ್ಷಗಳನ್ನು ಎಣಿಸಿದರೆ ನನ್ನ ಲೆಕ್ಕಕ್ಕೆ 5 ಸಾಲುವುದೂ ಇಲ್ಲ.

ಪೇಜ್ ಉತ್ತರ ಕೊಟ್ಟದ್ದು ಚೆಂಡಿನಲ್ಲಿ. ಉಳಿದ ಅರ್ಧ ಋತುವಿನಲ್ಲಿ 6 ಗೆಲುವು, 1 ಸೋಲು, ಸರಾಸರಿ 2.48. ಆಗಸ್ಟ್ 20ರ ರಾತ್ರಿ ಕ್ಲೀವ್‌ಲ್ಯಾಂಡ್‌ನಲ್ಲಿ ಅವರ ಆಟ ನೋಡಲು ಬಂದವರು 78,382 ಜನ. ಎದುರಾಳಿಗೆ ಒಂದು ರನ್ನನ್ನೂ ಕೊಡಲಿಲ್ಲ. ಅವರ ತಡೆದು ಎಸೆಯುವ ಎಸೆತವನ್ನು ಲೀಗಿನ ಅಧ್ಯಕ್ಷರು ನಿಷೇಧಿಸಿದರು. ಆ ವರ್ಷ ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್ ಗೆದ್ದಿತು. ವರ್ಷದ ಹೊಸಬ ಪ್ರಶಸ್ತಿಯ ಮಾತು ಬಂದಾಗ, ಯಾವ ವರ್ಷದ್ದು ಎಂದು ಮೊದಲು ಹೇಳಿ ಎಂಬಂತೆ ಪೇಜ್ ನಗೆಯಾಡಿದರಂತೆ. 1952ರಲ್ಲೂ 1953ರಲ್ಲೂ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾದರು. 1953ರಲ್ಲಿ ಅವರಿಗೆ 47.

ಒಂದು ವಾದ ಇದೆ, ಬುದ್ಧಿವಂತರೇ ಮಾಡುವ ವಾದ. 20ನೇ ವಯಸ್ಸಿಗೇ ಮೇಜರ್ ಲೀಗ್ ಸೇರಿದ್ದರೆ ಪೇಜ್ ಕೂಡ ಕೂಫ್ಯಾಕ್ಸ್ ಹಾಗೆ 30ಕ್ಕೆ ಮುಗಿದುಹೋಗುತ್ತಿದ್ದರೇನೋ, ಕಷ್ಟವೇ ಅವರನ್ನು ಅಷ್ಟು ಗಟ್ಟಿ ಮಾಡಿತು ಎಂದು. ಇರಬಹುದು. ಆದರೆ ಇದೇ ಮಾತನ್ನು ನಮ್ಮ ಅಮ್ಮಂದಿರ ಬಗ್ಗೆ ಹೇಳುವವರನ್ನು ನಾನು ಕೇಳಿದ್ದೇನೆ, ಬಿಸಿಲಲ್ಲಿ ದುಡಿದೇ ಅವರು ಅಷ್ಟು ಗಟ್ಟಿ ಎಂದು. ಗಟ್ಟಿಯಾಗಿ ಉಳಿದವರನ್ನು ಮಾತ್ರ ಎಣಿಸಿ ಮಾಡುವ ವಾದ ಇದು. ಗಿಬ್‌ಸನ್ ಆ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ, 30ಕ್ಕೆ ಮುಗಿದುಹೋಗುವುದಾದರೆ ಹಾಗೆ ಮುಗಿಯುವ ಹಕ್ಕೂ ಅವರದೇ ಆಗಿತ್ತು. ತನ್ನ ತೋಳಿನ ಏರಿಳಿತವನ್ನು ತಾನೇ ನೋಡುವುದು, ಯಾವಾಗ ನಿಲ್ಲಿಸಬೇಕೆಂದು ತಾನೇ ತೀರ್ಮಾನಿಸುವುದು, ಕೂಫ್ಯಾಕ್ಸ್‌ಗೆ ಸಿಕ್ಕ ಈ ಭಾಗ್ಯವೇ ಪೇಜ್‌ಗೆ ಸಿಗಲಿಲ್ಲ.

ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಪಲ್ವಾಂಕರ್ ಬಾಲೂ ಎಡಗೈ ಸ್ಪಿನ್ ಬೌಲರ್. 1911ರಲ್ಲಿ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದಾಗ ವಯಸ್ಸು 35 ಆಗಿತ್ತು, ಆ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ಕೊನೆಯವರೆಗೂ ಕೊಡಲಿಲ್ಲ. ಅದು ಆ ಮನೆಗೆ ಬಂದದ್ದು 1923ರಲ್ಲಿ, ತಮ್ಮ ವಿಠಲನಿಗೆ. ಅಷ್ಟರಲ್ಲಿ ಅಣ್ಣನ ಆಟದ ವಯಸ್ಸು ಮುಗಿದಿತ್ತು.

ಪೇಜ್ ಕೊನೆಯ ಬಾರಿ ಮೇಜರ್ ಲೀಗ್‌ನಲ್ಲಿ ಎಸೆದದ್ದು 1965ರ ಸೆಪ್ಟೆಂಬರ್ 25ರಂದು, 59ನೇ ವಯಸ್ಸಿನಲ್ಲಿ, ಕ್ಯಾನ್ಸಸ್ ಸಿಟಿ ಅಥ್ಲೆಟಿಕ್ಸ್ ತಂಡಕ್ಕೆ. ಕೂಫ್ಯಾಕ್ಸ್ ಕಪ್ಪುಗಟ್ಟಿದ ತೋಳಿನಿಂದ 382 ಸ್ಟ್ರೈಕ್‌ಔಟ್ ಪಡೆದ ವರ್ಷವೇ ಅದು. ತಂಡದ ಮಾಲೀಕರಿಗೆ ಟಿಕೆಟ್ ಮಾರಬೇಕಿತ್ತು. ಮೈದಾನದ ಬದಿಯಲ್ಲಿ ತೂಗುಕುರ್ಚಿ ಹಾಕಿ ಪೇಜ್ ಅವರನ್ನು ಕೂರಿಸಿ, ಪಕ್ಕದಲ್ಲಿ ನರ್ಸ್ ಒಬ್ಬಳನ್ನು ನಿಲ್ಲಿಸಿದರು. ಆ ಫೋಟೊ ನನಗೆ ಇಷ್ಟವಾಗುವುದಿಲ್ಲ. ಅಷ್ಟು ದೊಡ್ಡ ಆಟಗಾರನ ಮುಪ್ಪನ್ನು ಕೋಡಂಗಿ ವೇಷ ಮಾಡಿದ್ದಾರೆ. ಪೇಜ್ ಯಾಕೆ ಒಪ್ಪಿದರು, ಮರ್ಯಾದೆಯಿಂದ ಮನೆಯಲ್ಲಿ ಇರಬಾರದಿತ್ತೇ ಎಂದು ಕೇಳುವವರಿದ್ದಾರೆ. ಅವರಿಗೆ ಹಣ ಬೇಕಿತ್ತು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಕುರ್ಚಿಯಿಂದ ಎದ್ದ ಮೇಲೆ ನಡೆದದ್ದು. ಮೂರು ಇನ್ನಿಂಗ್ಸ್ ಎಸೆದರು. ಬಾಸ್ಟನ್ ತಂಡಕ್ಕೆ ಒಂದು ರನ್ನೂ ಸಿಗಲಿಲ್ಲ, ಸಿಕ್ಕ ಹಿಟ್ ಒಂದೇ, ಅದೂ ಆ ತಂಡದ ಅತ್ಯುತ್ತಮ ಬ್ಯಾಟರ್ ಕಾರ್ಲ್ ಯಸ್ಟ್ರೆಮ್‌ಸ್ಕಿಯಿಂದ. ವೇಷ ಹಾಕಿಸಿದವರು ಬೇರೆ, ಎಸೆದ ತೋಳು ಬೇರೆ.

ಕೂಫ್ಯಾಕ್ಸ್ ಬಿಟ್ಟದ್ದನ್ನು ನಾನು ವೈರಾಗ್ಯ ಎನ್ನಬಲ್ಲೆ. ಪೇಜ್ ಬಿಡದೆ ಇದ್ದದ್ದನ್ನು ಆಸೆಬುರುಕತನ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ತಟ್ಟೆಗೆ ಬಡಿಸಿದವನಿಗೆ ಸಾಕು ಎನ್ನಲು ಬರುತ್ತದೆ. ಊಟದ ಸಾಲಿನಲ್ಲಿ ಕೂರಿಸಲೇ ಇಲ್ಲದವನಿಗೆ, ಮಿತಾಹಾರ ಒಳ್ಳೆಯದಪ್ಪಾ ಎಂದು ಹೇಳುವುದರಲ್ಲಿ ಧರ್ಮ ಎಲ್ಲಿದೆ? ಹಾಗೆಂದು ಕಾಲ ಪೇಜ್‌ಗೆ ರಿಯಾಯಿತಿ ಕೊಟ್ಟಿತು ಎಂದಲ್ಲ. ತೋಳು ಸವೆದೇ ಸವೆಯಿತು. ಆ ಸವೆತವನ್ನು ಅವರು ಅಲ್ಲಗಳೆಯಲೂ ಇಲ್ಲ, ವೇಗ ಹೋಯಿತು ಎಂದು ಅಳಲೂ ಇಲ್ಲ, ಉಳಿದದ್ದರಲ್ಲಿ ಏನು ಮಾಡಬಹುದೆಂದು ನೋಡಿದರು. ಅನಿತ್ಯವನ್ನು ಅವರು ಕೂಫ್ಯಾಕ್ಸ್‌ಗಿಂತ ಕಡಿಮೆ ಅರಿತಿದ್ದರು ಎಂದು ನನಗೆ ಅನ್ನಿಸುವುದಿಲ್ಲ.

1971ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂತು. ಮೊದಲು ನೀಗ್ರೋ ಲೀಗ್ ಆಟಗಾರರಿಗೆಂದು ಬೇರೆ ವಿಭಾಗ ಮಾಡುವ ಯೋಚನೆ ಇತ್ತು. ಅಲ್ಲಿಯೂ ಪ್ರತ್ಯೇಕ ಪಂಕ್ತಿ. ಜನ ತಿರುಗಿಬಿದ್ದ ಮೇಲೆ ಎಲ್ಲರ ಸಾಲಿನಲ್ಲೇ ಫಲಕ ಹಾಕಿದರು.

ಅದಕ್ಕಿಂತ ಮೂರು ವರ್ಷ ಹಿಂದಿನದೊಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ. ಮೇಜರ್ ಲೀಗ್ ಆಟಗಾರರಿಗೆ ಪಿಂಚಣಿ ಇತ್ತು, ಅದಕ್ಕೆ ಇಷ್ಟು ಕಾಲ ತಂಡದ ಸಂಬಳಪಟ್ಟಿಯಲ್ಲಿ ಇರಬೇಕೆಂಬ ನಿಯಮವಿತ್ತು. 1926ರಿಂದ 1948ರವರೆಗಿನ 22 ವರ್ಷ ಆ ಲೆಕ್ಕಕ್ಕೆ ಬರಲಿಲ್ಲ. 42 ದಾಟಿದ ಮೇಲೆ ಆಡಿದ್ದನ್ನು ಮಾತ್ರ ಎಣಿಸಿದರೆ ಪೇಜ್‌ಗೆ 158 ದಿನ ಕಡಿಮೆ ಬೀಳುತ್ತಿತ್ತು. ಕೇಳಿದ ಕ್ಲಬ್‌ಗಳು ಒಲ್ಲೆ ಎಂದವು. ಕೊನೆಗೆ 1968ರ ಆಗಸ್ಟ್‌ನಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಹೆಸರಿಗೆ ಸಲಹೆಗಾರ, ತರಬೇತುದಾರ. 62 ವರ್ಷದ ಪೇಜ್ ಮತ್ತೆ ಸಮವಸ್ತ್ರ ತೊಟ್ಟು ಬಂದು, ಆ 158 ದಿನ ತುಂಬಿಸಿದರು.

ಜೈ ಭೀಮ್.